ಆಟದ ಡಿಸ್ಕು, ಕಾಪಿನ ಡಿಸ್ಕು

ಒಂದೇ ವಸ್ತುವಿನಿಂದ ಎರಡು ಕೆಲಸ ತೆಗೆಯುವುದು ನಮ್ಮ ಸಂಸಾರಸ್ಥರಿಗೆ ರಕ್ತಗತವಾಗಿ ಬಂದ ವಿದ್ಯೆ. ಹಳೆಯ ಸೀರೆ ಕೌದಿಯಾಗುತ್ತದೆ. ಎಣ್ಣೆಯ ಡಬ್ಬ ತುಳಸಿಯ ಕುಂಡವಾಗುತ್ತದೆ. ಮದುವೆಯ ಟ್ರಂಕು ಮಕ್ಕಳು ಕುಳಿತು ಓದುವ ಪೀಠವಾಗುತ್ತದೆ. ಈ ಮಿತವ್ಯಯದ ಬುದ್ಧಿಯನ್ನು ಹಳಿಯುವವನು ನಾನಲ್ಲ. ಆದರೆ ಅದೇ ಬುದ್ಧಿ ಈಗ ಕಂಪ್ಯೂಟರ್ ಅಂಗಡಿಯ ಮೆಟ್ಟಿಲನ್ನೂ ಹತ್ತಿದೆ. "ಎಂಟು ಟೆರಾಬೈಟಿನ ದೊಡ್ಡದೊಂದು ಹಾರ್ಡ್ ಡಿಸ್ಕ್ ಕೊಡಿ, ಮಗನ ಆಟಗಳೂ ಅದರಲ್ಲೇ ಇರಲಿ, ಮನೆಯ ಫೋಟೋಗಳ ಬ್ಯಾಕಪ್ಪೂ ಅದರಲ್ಲೇ ಇರಲಿ" ಎಂದು ಕೇಳುವ ಗೃಹಸ್ಥರು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಅಪರೂಪವಲ್ಲ. ಅಂಗಡಿಯವನು ಸಂತೋಷದಿಂದಲೇ ಕೊಡುತ್ತಾನೆ. ಕೊಂಡವರೂ ಸಂತೋಷದಿಂದಲೇ ಮನೆಗೆ ಮರಳುತ್ತಾರೆ. ಆದರೆ ಈ ಎರಡು ಕೆಲಸಗಳ ಸ್ವಭಾವವೇ ಬೇರೆ ಬೇರೆ. ಆಟ ಬೇಡುವುದು ವೇಗವನ್ನು. ಕಾಪು ಬೇಡುವುದು ಪ್ರತ್ಯೇಕತೆಯನ್ನು. ಒಂದು ದೊಡ್ಡ ಡಿಸ್ಕು ಇವೆರಡನ್ನೂ ಕೊಡಲಾರದು.

ಹೀಗೇಕೆಂಬುದನ್ನು ತಿಳಿಯಬೇಕಾದರೆ ಆ ಲೋಹದ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ನೋಡಬೇಕು.

ಹಾರ್ಡ್ ಡಿಸ್ಕಿನ ಜನನ ೧೯೫೬ರಲ್ಲಿ, ಅಮೆರಿಕದ ಸ್ಯಾನ್ ಹೋಸೆ ನಗರದ ಐ.ಬಿ.ಎಂ. ಪ್ರಯೋಗಶಾಲೆಯಲ್ಲಿ. ಅದರ ನಾಯಕತ್ವ ವಹಿಸಿದ್ದ ರೆನಾಲ್ಡ್ ಜಾನ್ಸನ್ ಮೊದಲು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದವನು. ಉತ್ತರಪತ್ರಿಕೆಗಳಿಗೆ ತಾನೇ ಅಂಕ ಹಾಕುವ ಯಂತ್ರವನ್ನು ರೂಪಿಸಿ ಆ ಸಂಸ್ಥೆಯ ಕಣ್ಣಿಗೆ ಬಿದ್ದವನು. 'ರಾಮ್ಯಾಕ್' ಎಂಬ ಆ ಯಂತ್ರದಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳು ಒಂದರ ಮೇಲೊಂದರಂತೆ ನಿಂತು ತಿರುಗುತ್ತಿದ್ದುವು. ಭಾರ ಒಂದು ಟನ್ನಿಗೂ ಮಿಕ್ಕಿದ್ದಿತು. ಅಷ್ಟೆಲ್ಲ ಸಂಭ್ರಮದಿಂದ ಅದು ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು. ಇಂದಿನ ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರ ಅದನ್ನು ಹೆಚ್ಚುಕಡಿಮೆ ತುಂಬಿಬಿಡುತ್ತಿತ್ತು.

ಅಂದಿನಿಂದ ಇಂದಿನವರೆಗೆ ತಟ್ಟೆಗಳು ಕುಗ್ಗಿವೆ, ಹಿಡಿತ ಕೋಟಿಪಟ್ಟು ಹಿಗ್ಗುವ ದಾರಿಯಲ್ಲಿದೆ. ಆದರೆ ಮೂಲತತ್ತ್ವ ಬದಲಾಗಿಲ್ಲ. ಕಾಂತೀಯ ಲೇಪವುಳ್ಳ ತಟ್ಟೆ ತಿರುಗುತ್ತದೆ. ಅದರ ಮೇಲೆ ಒಂದು ಪುಟ್ಟ ತೋಳು ಅತ್ತಿತ್ತ ಚಲಿಸಿ ಬರೆಯುತ್ತದೆ, ಓದುತ್ತದೆ. ಮೇಜಿನ ಕಂಪ್ಯೂಟರಿನ ಡಿಸ್ಕು ನಿಮಿಷಕ್ಕೆ ೭,೨೦೦ ಸುತ್ತು ತಿರುಗುವಾಗ ತಟ್ಟೆಯ ಅಂಚು ಗಂಟೆಗೆ ಸುಮಾರು ೧೩೦ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ಓಟದ ಮೇಲೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ, ಅಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ, ಓದುವ ತಲೆ ತೇಲುತ್ತಿರುತ್ತದೆ. ಮಾನವನ ಕೈ ಮಾಡಿದ ಸೂಕ್ಷ್ಮ ಯಂತ್ರಗಳಲ್ಲಿ ಇದಕ್ಕೆ ಸಮನಾದುದು ನಮ್ಮ ಮನೆಗಳಲ್ಲಿ ಮತ್ತೊಂದಿಲ್ಲವೆಂದರೆ ತಪ್ಪಾಗದು. ಆ ತಲೆಯನ್ನು ಇಷ್ಟು ಚುರುಕುಗೊಳಿಸಿದ ಭೌತಸತ್ಯವೊಂದನ್ನು ಕಂಡುಹಿಡಿದುದಕ್ಕಾಗಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಎಂಬಿಬ್ಬರಿಗೆ ೨೦೦೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಷ್ಟಾದರೂ ತಿರುಗುವ ವಸ್ತುವಿಗೆ ತಿರುಗುವುದಕ್ಕೆ ಹೊತ್ತು ಬೇಕು. ಬೇಕಾದ ಗೆರೆಗೆ ತೋಳು ಹೋಗಿ ನಿಲ್ಲಲು ಎಂಟೊಂಬತ್ತು ಮಿಲಿಸೆಕೆಂಡು. ಬೇಕಾದ ಜಾಗ ತಿರುಗಿ ತಲೆಯ ಕೆಳಗೆ ಬರಲು ಸರಾಸರಿ ನಾಲ್ಕು ಮಿಲಿಸೆಕೆಂಡು. ಹೀಗೆ ಚದರಿರುವ ಸಣ್ಣ ತುಣುಕುಗಳನ್ನು ಹೆಕ್ಕಿ ತರಬೇಕಾದಾಗ ಸೆಕೆಂಡಿಗೆ ಎಂಬತ್ತು ತುಣುಕು ತಂದರೆ ದೊಡ್ಡದು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಾದರೋ ಅದೇ ಹೊತ್ತಿನಲ್ಲಿ ಹತ್ತಾರು ಸಾವಿರ ತುಣುಕುಗಳನ್ನು ತಂದಿಡುತ್ತದೆ. ಒಂದು ಚಲನಚಿತ್ರವನ್ನು ಆರಂಭದಿಂದ ಕೊನೆಯವರೆಗೆ ಓದುವಂತಹ ಸಾಲುಗೆಲಸದಲ್ಲಿ ಹಾರ್ಡ್ ಡಿಸ್ಕು ಅಷ್ಟೇನೂ ಹಿಂದಲ್ಲ. ಸೆಕೆಂಡಿಗೆ ಇನ್ನೂರು ಮೆಗಾಬೈಟಿನಷ್ಟು ಕೊಡಬಲ್ಲದು. ಆದರೆ ಇಂದಿನ ಆಟಗಳು ಸಾಲಾಗಿ ಓದುವಂಥವಲ್ಲ. ಆಟಗಾರ ಬೀದಿಯ ತಿರುವು ದಾಟಿದೊಡನೆ ಮುಂದಿನ ಬೀದಿಯ ಗೋಡೆ, ಮರ, ಮುಖ, ದನಿಗಳೆಲ್ಲ ಸಾವಿರ ಕಡೆಗಳಿಂದ ಒಮ್ಮೆಗೇ ಬರಬೇಕು.

ಆಟ ಬರೆಯುವವರು ಬಹುಕಾಲ ಈ ನಿಧಾನವನ್ನು ಸಹಿಸಿಕೊಂಡಿದ್ದರು. ೨೦೨೦ರಲ್ಲಿ ಪ್ಲೇಸ್ಟೇಷನ್ ೫ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳು ಎಸ್‌ಎಸ್‌ಡಿಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಮೇಲೆ ಅವರ ತಾಳ್ಮೆ ತೀರಿತು. ೨೦೧೯ರಲ್ಲಿ ಕಂಪ್ಯೂಟರಿಗೆ ಬಂದ 'ರೆಡ್ ಡೆಡ್ ರಿಡೆಂಪ್ಷನ್ ೨' ೧೫೦ ಗಿಗಾಬೈಟ್ ಜಾಗವನ್ನು ಕೇಳಿದರೂ ಅದು ಹಾರ್ಡ್ ಡಿಸ್ಕಿನಲ್ಲಿದ್ದರೆ ಸಾಕೆಂದಿತ್ತು. ೨೦೨೩ರ 'ಬಾಲ್ಡರ್ಸ್ ಗೇಟ್ ೩' ಅಷ್ಟೇ ಜಾಗ ಕೇಳಿ, ಎಸ್‌ಎಸ್‌ಡಿ ಕಡ್ಡಾಯವೆಂದು ತನ್ನ ಅಗತ್ಯಗಳ ಪಟ್ಟಿಯಲ್ಲಿ ಬರೆಯಿತು. ಅದೇ ವರ್ಷದ 'ಸ್ಟಾರ್‌ಫೀಲ್ಡ್' ಕೂಡ ಹಾಗೆಯೇ. ೨೦೨೦ರ 'ಸೈಬರ್‌ಪಂಕ್ ೨೦೭೭' ಆಟವಂತೂ ೨೦೨೩ರಲ್ಲಿ ತನ್ನ ಹಳೆಯ ಪಟ್ಟಿಯನ್ನು ತಿದ್ದಿ ಹಾರ್ಡ್ ಡಿಸ್ಕಿಗೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು.

ಇಲ್ಲೊಂದು ಸ್ವಾರಸ್ಯದ ಸಂಗತಿಯನ್ನು ಹೇಳಲೇಬೇಕು. ಹಾರ್ಡ್ ಡಿಸ್ಕಿನ ತೋಳು ದೂರ ದೂರ ಓಡದಿರಲೆಂದು ಕೆಲವು ಆಟಗಳಲ್ಲಿ ಒಂದೇ ಚಿತ್ರವನ್ನು ಹತ್ತು ಕಡೆ ನಕಲು ಮಾಡಿ ಇಡುತ್ತಿದ್ದರು. 'ಹೆಲ್‌ಡೈವರ್ಸ್ ೨' ಎಂಬ ಆಟ ಈ ಕಾರಣದಿಂದ ಊದಿಕೊಂಡು ಕಂಪ್ಯೂಟರಿನಲ್ಲಿ ಸುಮಾರು ೧೫೪ ಗಿಗಾಬೈಟ್ ಆಗಿತ್ತು. ೨೦೨೫ರ ಡಿಸೆಂಬರಿನಲ್ಲಿ ಅದರ ಕರ್ತರು ನಕಲುಗಳನ್ನು ಕಿತ್ತೊಗೆದು ಸುಮಾರು ೨೩ ಗಿಗಾಬೈಟಿಗೆ ಇಳಿಸಿದರು. ಹಾರ್ಡ್ ಡಿಸ್ಕಿನಲ್ಲಿ ಆಡುವವರಿಗೆ ಇದರಿಂದಾದ ವಿಳಂಬ ಕೆಲವೇ ಸೆಕೆಂಡುಗಳದೆಂದು ಅವರೇ ತಿಳಿಸಿದರು. ಎಲ್ಲ ಆಟಗಳೂ ಒಂದೇ ಜಾತಿಯವಲ್ಲವೆಂಬುದಕ್ಕೂ, ದೊಡ್ಡ ಡಿಸ್ಕು ಬೇಕೆಂಬ ನಮ್ಮ ಹಸಿವು ಕೆಲವೊಮ್ಮೆ ಕೃತಕವೆಂಬುದಕ್ಕೂ ಇದು ನಿದರ್ಶನ.

ಹಾಗಾದರೆ ಆಟದ ವಿಷಯದಲ್ಲಿ ಹಾರ್ಡ್ ಡಿಸ್ಕಿಗೆ ಸ್ಥಾನವೇ ಇಲ್ಲವೆ? ಉಂಟು; ಅದು ಅಟ್ಟದ ಸ್ಥಾನ. ದಿನವೂ ಬೇಕಾಗುವ ಪಾತ್ರೆ ಅಡಿಗೆಮನೆಯಲ್ಲಿರುತ್ತದೆ. ಹಬ್ಬದ ಹಂಡೆ ಅಟ್ಟದ ಮೇಲಿರುತ್ತದೆ. ಈಗ ಆಡುತ್ತಿರುವ ಎರಡು ಮೂರು ಆಟಗಳು ಎಸ್‌ಎಸ್‌ಡಿಯಲ್ಲಿರಲಿ; ಉಳಿದವು ಹಾರ್ಡ್ ಡಿಸ್ಕಿನಲ್ಲಿ ವಿಶ್ರಮಿಸಲಿ. ಬೇಕಾದಾಗ ಇಳಿಸಿಕೊಳ್ಳುವ ಏರ್ಪಾಡು ಸ್ಟೀಮ್ ಮುಂತಾದ ಆಟದ ಮಳಿಗೆಗಳಲ್ಲಿಯೇ ಇದೆ. ನೂರು ಗಿಗಾಬೈಟಿನ ಆಟ ಅಟ್ಟದಿಂದ ಇಳಿಯಲು ಹತ್ತು ನಿಮಿಷದಾಚೀಚೆ ಸಾಕು. ಹತ್ತು ಹದಿನೈದು ವರ್ಷ ಹಳೆಯ ಆಟಗಳಾದರೆ ಅಟ್ಟದ ಮೇಲಿದ್ದುಕೊಂಡೇ ಚೆನ್ನಾಗಿ ಆಡಿಸಿಕೊಳ್ಳುತ್ತವೆ.

ಇನ್ನು ಕಾಪಿನ ಮಾತು. ಇಲ್ಲಿ ಜನ ಗಮನಿಸದ ವಿಚಿತ್ರವೊಂದಿದೆ. ನಮ್ಮ ಮನೆಗಳಲ್ಲಿ ದೊಡ್ಡದಾಗಿರುವುದು ಬೆಲೆಯುಳ್ಳದ್ದಲ್ಲ, ಬೆಲೆಯುಳ್ಳದ್ದು ದೊಡ್ಡದಲ್ಲ. ನೂರೈವತ್ತು ಗಿಗಾಬೈಟಿನ ಆಟ ಅಳಿಸಿಹೋದರೆ ಒಂದು ರಾತ್ರಿಯಲ್ಲಿ ಮತ್ತೆ ತರಿಸಿಕೊಳ್ಳಬಹುದು. ಅದರ ಮೂಲಪ್ರತಿ ಮಾರಿದವನಲ್ಲಿದೆ. ಇತ್ತ ಇಪ್ಪತ್ತು ಸಾವಿರ ಛಾಯಾಚಿತ್ರಗಳನ್ನು, ಒಂದೊಂದಕ್ಕೆ ನಾಲ್ಕು ಮೆಗಾಬೈಟಿನಂತೆ ಲೆಕ್ಕ ಹಾಕಿದರೆ, ಎಂಬತ್ತು ಗಿಗಾಬೈಟ್ ಆಗುತ್ತದೆ. ಅಂದರೆ ಒಂದು ಸಂಸಾರದ ಇಪ್ಪತ್ತು ವರ್ಷಗಳ ಮುಖಗಳು, ಮದುವೆ ಮುಂಜಿಗಳು, ಈಗ ಇಲ್ಲದವರ ನಗೆ, ಎಲ್ಲ ಸೇರಿದರೂ ಹುಡುಗರ ಒಂದು ಆಟದ ಅರ್ಧ ಜಾಗವನ್ನು ತುಸು ಮೀರುತ್ತದೆ, ಅಷ್ಟೆ. ಚಲಚ್ಚಿತ್ರ ತೆಗೆಯುವ ಅಭ್ಯಾಸವುಳ್ಳವರ ಮನೆಯಲ್ಲಿ ಇದು ಹಲವು ಪಟ್ಟು ಹೆಚ್ಚೀತು. ಆದರೂ ನಿಯಮ ನಿಲ್ಲುತ್ತದೆ. ಆಟದಲ್ಲಿಯೂ ಕಳೆದುಕೊಳ್ಳಬಾರದ್ದು ಯಾವುದೆಂದರೆ ಆಟಗಾರ ಎಲ್ಲಿಯವರೆಗೆ ಗೆದ್ದು ಬಂದಿದ್ದಾನೆಂಬ ದಾಖಲೆಯ ಕಡತ. ಬಹುಪಾಲು ಆಟಗಳಲ್ಲಿ ಅದು ಕೆಲವೇ ಮೆಗಾಬೈಟಿನದು. ಮಕ್ಕಳ ನೂರು ಗಂಟೆಗಳ ಶ್ರಮ ಅದರಲ್ಲಿದೆ. ಅದನ್ನೂ ಕಾಪಿನ ಪಟ್ಟಿಗೆ ಸೇರಿಸುವುದು ತಂದೆಯಾದವನ ಔದಾರ್ಯ.

ನಮ್ಮ ಬಡಾವಣೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಅವರ ತಾಯಿ ಬೀಸುವ ಕಲ್ಲಿನ ಪದಗಳನ್ನು ಹೇಳುವುದರಲ್ಲಿ ಆ ಸೀಮೆಗೆಲ್ಲ ಹೆಸರಾಗಿದ್ದವರು. ಮೇಷ್ಟರು ಆಕೆಯ ಕೊನೆಯ ಎರಡು ವರ್ಷಗಳಲ್ಲಿ ಪಕ್ಕದಲ್ಲಿ ಕುಳಿತು ಮೂವತ್ತೈದು ಗಂಟೆಗಳಷ್ಟು ಹಾಡನ್ನು ದಾಖಲಿಸಿಕೊಂಡಿದ್ದರು. ಮೊಮ್ಮಗನ ಆಟಗಳಿಗಾಗಿ ತಂದ ದೊಡ್ಡ ಡಿಸ್ಕಿನಲ್ಲಿಯೇ ಅವನ್ನೂ ಇಟ್ಟರು. ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಗೋಡೆಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು ಕೇಳತೊಡಗಿತು. ಮಧ್ಯಾಹ್ನದ ವೇಳೆಗೆ ಡಿಸ್ಕು ಕಂಪ್ಯೂಟರಿಗೆ ಕಾಣಿಸದಾಯಿತು. ನಾನು ವಿಚಾರಿಸಲು ಹೋದಾಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಎರಡು ಪ್ರತಿ ಇಟ್ಟಿದ್ದೆನಲ್ಲಾ ರಾಯರೇ!" ಇಟ್ಟಿದ್ದುದು ನಿಜ. ಒಂದೇ ಡಿಸ್ಕಿನ ಎರಡು ಫೋಲ್ಡರುಗಳಲ್ಲಿ! ಹೋದ ಮಾಹಿತಿಯನ್ನು ತೆಗೆದುಕೊಡುವ ತಜ್ಞರು ಡಿಸ್ಕಿನ ಬೆಲೆಯ ಮೂರರಷ್ಟು ಹಣ ತೆಗೆದುಕೊಂಡು ಹನ್ನೊಂದು ಗಂಟೆಗಳ ಹಾಡನ್ನು ಹಿಂದಕ್ಕೆ ಕೊಟ್ಟರು. ಉಳಿದ ಇಪ್ಪತ್ತನಾಲ್ಕು ಗಂಟೆಗಳನ್ನು ಹಾಡಬಲ್ಲವರು ಈಗ ಯಾರೂ ಇಲ್ಲ.

ಪ್ರತಿ ಎಂಬುದು ಪ್ರತ್ಯೇಕವಾಗಿರಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಗೆ ಹುಳು ಹಿಡಿಯುತ್ತದೆ, ಬೆಂಕಿ ತಗಲುತ್ತದೆ ಎಂಬುದನ್ನು ಬಲ್ಲ ಕಾಲ ಅದು. ಆ ಸಾವಿರವನ್ನೂ ಒಂದೇ ಕಪಾಟಿನಲ್ಲಿ ಪೇರಿಸಿಟ್ಟಿದ್ದರೆ ಅದು ಪುಣ್ಯವಾಗುತ್ತಿತ್ತೋ ಏನೋ, ರಕ್ಷಣೆಯಾಗುತ್ತಿರಲಿಲ್ಲ.

ದೊಡ್ಡ ಸಂಸ್ಥೆಗಳು ಈ ವಿಷಯದಲ್ಲಿ ನಮಗಿಂತ ಜಾಣರೆಂದು ಭಾವಿಸಬೇಕಾಗಿಲ್ಲ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ ೨' ಚಿತ್ರ ಸಿದ್ಧವಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಪಾತ್ರಗಳು, ದೃಶ್ಯಗಳು ಒಂದೊಂದಾಗಿ ಕಣ್ಣೆದುರಿಗೇ ಮಾಯವಾದುವು. ಬ್ಯಾಕಪ್ ಇದೆಯೆಂದು ಧೈರ್ಯವಾಗಿದ್ದವರು ಅದನ್ನು ತೆರೆದು ನೋಡಿದಾಗ ಅದು ಸರಿಯಾಗಿ ಕೆಲಸ ಮಾಡಿಯೇ ಇರಲಿಲ್ಲ! ಕೂಸು ಹುಟ್ಟಿದುದರಿಂದ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿದ್ದಿತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಹಸುಗೂಸನ್ನು ಒಯ್ಯುವಷ್ಟು ಜೋಪಾನವಾಗಿ ಕಚೇರಿಗೆ ತಂದರು. (ಮುಂದೆ ಕಥೆಯನ್ನೇ ಬದಲಾಯಿಸಿ ಆ ಚಿತ್ರದ ಬಹುಭಾಗವನ್ನು ಹೊಸದಾಗಿ ಮಾಡಬೇಕಾಯಿತೆಂಬುದು ಬೇರೆ ಮಾತು.) ಕಚೇರಿಯ ವ್ಯವಸ್ಥೆ ಕೈಬಿಟ್ಟಾಗ ಕೈಹಿಡಿದುದು ಬೇರೆ ಮನೆಯಲ್ಲಿದ್ದ ಪ್ರತಿ.

ಈ ಅನುಭವಗಳ ಸಾರವನ್ನು ಬಲ್ಲವರು ಮೂರು, ಎರಡು, ಒಂದು ಎಂಬ ಲೆಕ್ಕದಲ್ಲಿ ಹೇಳುತ್ತಾರೆ: ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಮನೆಯ ಹೊರಗೆ. ಪೆಟ್ಟಿಗೆಯೊಳಗೆ ಕೂರುವ ದೊಡ್ಡ ಹಾರ್ಡ್ ಡಿಸ್ಕು ಈ ಲೆಕ್ಕದಲ್ಲಿ ಎರಡನೆಯ ಪ್ರತಿಗೆ ಒಳ್ಳೆಯ ಸ್ಥಳ. ಮೂಲ ಎಸ್‌ಎಸ್‌ಡಿಯಲ್ಲಿರಲಿ, ಪ್ರತಿರಾತ್ರಿ ತಾನೇ ನಕಲಾಗುವಂತೆ ಈ ಡಿಸ್ಕನ್ನು ಗೊತ್ತುಮಾಡಲಿ. ಆದರೆ ಅದು ಮೂರನೆಯದಾಗಲಾರದು. ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದರೆ, ಸಿಡಿಲಿನ ವಿದ್ಯುತ್ತು ನುಗ್ಗಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ೨೦೧೭ರ ಮೇ ತಿಂಗಳಲ್ಲಿ ನೂರೈವತ್ತು ದೇಶಗಳಿಗೆ ಹರಡಿದ 'ವಾನಾಕ್ರೈ' ಎಂಬ ಪಿಡುಗು, ತಗಲಿದ ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳಿತು. ಅದಕ್ಕೆ ಜೋಡಿಸಿದ್ದ ಡಿಸ್ಕುಗಳಿಗೂ ಅದೇ ಗತಿ. ಬಿಚ್ಚಿಟ್ಟಿದ್ದ ಡಿಸ್ಕು ಮಾತ್ರ ಅದರ ಕೈಗೆ ಸಿಕ್ಕಲಿಲ್ಲ. ಆದುದರಿಂದ ಮೂರನೆಯದೊಂದನ್ನು ಸಣ್ಣ ಹೊರಡಿಸ್ಕಿನಲ್ಲಿ ಮಾಡಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡುವುದು ಯುಕ್ತ. ಅಂತರ್ಜಾಲದ ಉಗ್ರಾಣಕ್ಕೆ ತಿಂಗಳ ಬಾಡಿಗೆ ತೆರುವವರು ಅಲ್ಲಿಯೇ ಇಡಬಹುದು.

ಈಗ ಅಂಗಡಿಗೆ ಹೋಗೋಣ. ಮೊದಲು ಅಳತೆ. ಡಬ್ಬದ ಮೇಲೆ ಎಂಟು ಟೆರಾಬೈಟ್ ಎಂದಿದ್ದರೆ ವಿಂಡೋಸ್ ಅದನ್ನು ೭.೨೭ ಎಂದು ತೋರಿಸುತ್ತದೆ. ನಾಲ್ಕು ಎಂದಿದ್ದರೆ ೩.೬೩. ತಯಾರಕ ಸಾವಿರದ ಲೆಕ್ಕದಲ್ಲಿ ಎಣಿಸುತ್ತಾನೆ, ವಿಂಡೋಸ್ ೧,೦೨೪ರ ಲೆಕ್ಕದಲ್ಲಿ. ಇದರಲ್ಲಿ ಅಂಗಡಿಯವನ ಮೋಸವಿಲ್ಲ. ಸಾಮಾನ್ಯ ಸಂಸಾರಕ್ಕೆ ಕಾಪಿಗೂ ಅಟ್ಟಕ್ಕೂ ಸೇರಿ ನಾಲ್ಕು ಟೆರಾಬೈಟ್ ಧಾರಾಳವೆಂದು ನನ್ನ ಎಣಿಕೆ. ಚಲಚ್ಚಿತ್ರ ಬಹಳವಾಗಿ ತೆಗೆಯುವವರು ಎಂಟಕ್ಕೆ ಹೋಗಲಿ. ಅಟ್ಟದ ಆಟಗಳು ಕಾಪಿನ ಡಿಸ್ಕಿನಲ್ಲಿ ಜಾಗ ಹಂಚಿಕೊಳ್ಳಬಹುದೇ ಎಂದರೆ, ಮನೆಯ ಮೂಲಪ್ರತಿ ಬೇರೆ ಕಡೆ ಇರುವತನಕ ಹಂಚಿಕೊಳ್ಳಲಿ. ಹೋದರೆ ಮತ್ತೆ ತರಬಹುದಾದ ವಸ್ತುಗಳು ತಾನೆ.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ, ಬಹುಮಂದಿ ಕೇಳದ ಪ್ರಶ್ನೆ, ಡಿಸ್ಕು ಸಿಎಂಆರ್ ಜಾತಿಯದೋ ಎಸ್‌ಎಂಆರ್ ಜಾತಿಯದೋ ಎಂಬುದು. ಎಸ್‌ಎಂಆರ್ ಡಿಸ್ಕಿನಲ್ಲಿ ಗೆರೆಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಹೊದ್ದಿರುತ್ತವೆ. ಇದರಿಂದ ಅದೇ ತಟ್ಟೆಯಲ್ಲಿ ಹೆಚ್ಚು ಹಿಡಿಯುತ್ತದೆ, ಬೆಲೆ ತಗ್ಗುತ್ತದೆ. ಆದರೆ ಮಾಡಿನ ನಡುವಣ ಒಂದು ಹೆಂಚನ್ನು ಬದಲಿಸಬೇಕಾದರೆ ಅದರ ಮೇಲೆ ಹೊದ್ದಿರುವ ಹೆಂಚುಗಳನ್ನು ಎತ್ತಬೇಕಷ್ಟೆ! ಇಲ್ಲಿಯೂ ಹಾಗೆಯೇ: ಒಂದು ಗೆರೆ ತಿದ್ದಲು ನೆರೆಯ ಗೆರೆಗಳನ್ನೆಲ್ಲ ಮತ್ತೆ ಬರೆಯಬೇಕು. ಒಮ್ಮೆ ಬರೆದು ಇಟ್ಟುಬಿಡುವ ಕೆಲಸಕ್ಕೆ ಇದು ನಡೆದೀತು. ವಾರವಾರವೂ ಹತ್ತಾರು ಗಿಗಾಬೈಟ್ ತಿದ್ದಿಸಿಕೊಳ್ಳುವ ಆಟಗಳಿದ್ದರೆ ಡಿಸ್ಕು ಏದುಸಿರು ಬಿಡುತ್ತದೆ. ಯಾವ ಡಿಸ್ಕು ಯಾವ ಜಾತಿಯದೆಂಬುದನ್ನು ತಯಾರಕರು ಮೊದಲು ಎಲ್ಲ ಕಡೆಯೂ ಹೇಳುತ್ತಿರಲಿಲ್ಲ. ೨೦೨೦ರಲ್ಲಿ ಬಳಕೆದಾರರು ಗದ್ದಲವೆಬ್ಬಿಸಿದ ಮೇಲೆ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಮೂವರೂ ಬಹಿರಂಗಪಡಿಸಿದರು. ಲೋಕದಲ್ಲಿ ಹಾರ್ಡ್ ಡಿಸ್ಕು ತಯಾರಿಸುವವರು ಈಗ ಉಳಿದಿರುವುದೂ ಈ ಮೂವರೇ.

ಸುತ್ತಿನ ಸಂಖ್ಯೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ೭,೨೦೦ ಸುತ್ತಿನದು ತುಸು ಚುರುಕು, ತುಸು ಗದ್ದಲ, ೫,೪೦೦ರದು ಸೌಮ್ಯ. ಕಾಪಿಗೆ ಸೌಮ್ಯವೇ ಸಾಕು. ಬಹು ದೊಡ್ಡ ಡಿಸ್ಕುಗಳೊಳಗೆ ಗಾಳಿಯ ಬದಲು ಹೀಲಿಯಂ ತುಂಬಿರುತ್ತಾರೆ. ಅದರ ಸಾಂದ್ರತೆ ಗಾಳಿಯ ಏಳರಲ್ಲೊಂದು ಪಾಲಾದುದರಿಂದ ತಟ್ಟೆಗಳು ಹಗುರವಾಗಿ ತಿರುಗುತ್ತವೆ. ಮನೆಯ ಕ್ಯಾಬಿನೆಟ್ಟಿನಲ್ಲಿ ಮೂರೂವರೆ ಅಂಗುಲದ ಡಿಸ್ಕಿಗೆ ಜಾಗವೂ, ಬಿಡುವಿರುವ ಒಂದು ಸಾಟಾ ತಂತಿಯ ಕಂಡಿಯೂ ಇದೆಯೇ ಎಂಬುದನ್ನು ಹೋಗುವ ಮೊದಲೇ ನೋಡಿಕೊಳ್ಳುವುದು ಲೇಸು. ಈಚಿನ ಕೆಲವು ಕ್ಯಾಬಿನೆಟ್ಟುಗಳಲ್ಲಿ ಆ ಗೂಡನ್ನೇ ತೆಗೆದುಬಿಟ್ಟಿದ್ದಾರೆ.

ವಾರಂಟಿಯ ವಿಷಯದಲ್ಲಿ ಒಂದು ಭ್ರಮೆಯಿದೆ. ಮೂರು ವರ್ಷದ ವಾರಂಟಿಯೆಂದರೆ ಮೂರು ವರ್ಷದೊಳಗೆ ಕೆಟ್ಟರೆ ಬದಲು ಡಿಸ್ಕು ಕೊಡುತ್ತಾರೆಂದರ್ಥ. ಅದರಲ್ಲಿದ್ದ ತಾಯಿಯ ಹಾಡನ್ನು ಕೊಡುತ್ತಾರೆಂದಲ್ಲ. ಲಕ್ಷಗಟ್ಟಲೆ ಡಿಸ್ಕುಗಳನ್ನು ಓಡಿಸುವ ಬ್ಯಾಕ್‌ಬ್ಲೇಜ್ ಸಂಸ್ಥೆ ೨೦೧೩ರಿಂದ ತನ್ನ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. ೨೦೨೪ರಲ್ಲಿ ಅಲ್ಲಿ ನೂರಕ್ಕೆ ಸುಮಾರು ಒಂದೂವರೆಯಂತೆ ಡಿಸ್ಕುಗಳು ಕೆಟ್ಟುವು. ಇದು ಅಲ್ಪವೆಂದು ತೋರಬಹುದು. ಕೆಡುವ ಡಿಸ್ಕು ಯಾರ ಮನೆಯದೆಂದು ಮೊದಲೇ ಗೊತ್ತಿದ್ದರೆ ಅಲ್ಪವೆನ್ನಬಹುದಿತ್ತು.

ಬಳಸಿದ ಡಿಸ್ಕನ್ನು ಹೊಸದೆಂದು ಮಾರುವ ವಂಚನೆಯೂ ಇದೆ. ೨೦೨೫ರ ಆರಂಭದಲ್ಲಿ ಜರ್ಮನಿಯಲ್ಲಿ ಇಂತಹ ಪ್ರಕರಣಗಳು ಬಯಲಾದುವು. ಮನೆಗೆ ತಂದೊಡನೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕು ಈವರೆಗೆ ಎಷ್ಟು ಗಂಟೆ ಓಡಿದೆಯೆಂದು ನೋಡಿರಿ. ಹೊಸದಾದರೆ ಸೊನ್ನೆಯೋ ಒಂದೆರಡೋ ಇರಬೇಕು. ಆ ಅಂಕಿಯನ್ನೇ ಅಳಿಸಿ ಮಾರುವ ಖದೀಮರೂ ಇರುವುದರಿಂದ, ಕ್ರಮಸಂಖ್ಯೆಯನ್ನು ತಯಾರಕರ ತಾಣದಲ್ಲಿ ಕೊಟ್ಟು ವಾರಂಟಿಯ ದಿನಾಂಕವನ್ನು ಪರೀಕ್ಷಿಸಿರಿ. ಡಿಸ್ಕನ್ನು ಸಿದ್ಧಪಡಿಸುವಾಗ ಜಿಪಿಟಿ ಎಂಬ ಕ್ರಮವನ್ನೇ ಆರಿಸಿರಿ. ಹಳೆಯ ಎಂಬಿಆರ್ ಕ್ರಮಕ್ಕೆ ಎರಡು ಟೆರಾಬೈಟಿನಾಚೆ ಕಣ್ಣು ಕಾಣದು. ಬಳಿಕ ಪೂರ್ತಿ ಡಿಸ್ಕನ್ನು ಒಮ್ಮೆ ಓದಿಸಿ ನೋಡಿರಿ. ಎಂಟು ಟೆರಾಬೈಟಿಗೆ ಹನ್ನೊಂದು ಗಂಟೆಗೂ ಮೇಲೆ ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಬಹುದು. ದೋಷವಿದ್ದರೆ ಅಂಗಡಿಯ ರಸೀದಿ ಹಸಿಯಾಗಿರುವಾಗಲೇ ತಿಳಿಯಲಿ.

ಹಣ ಒಂದಕ್ಕೇ ಸಾಲುವುದಾದರೆ ಯಾವುದನ್ನು ಮೊದಲು ಕೊಳ್ಳಬೇಕೆಂದು ಕೇಳುವವರುಂಟು. ಕಾಪಿನ ಡಿಸ್ಕನ್ನು. ಎಂಟು ಟೆರಾಬೈಟಿನ ಒಂದರ ಬದಲು ನಾಲ್ಕರದೊಂದನ್ನು ಈಗ ಕೊಂಡು, ಉಳಿದ ಹಣಕ್ಕೆ ಇನ್ನಷ್ಟು ಕೂಡಿಸಿ ಎಸ್‌ಎಸ್‌ಡಿಯನ್ನು ಮುಂದಕ್ಕೆ ತೆಗೆದುಕೊಳ್ಳಬಹುದು. ಹುಡುಗ ಅಷ್ಟು ದಿನ ಹಳೆಯ ಆಟವನ್ನೇ ಆಡಿಕೊಂಡಿರಲಿ. ಬೆಲೆ ಇಳಿಯಲೆಂದು ಕಾಯುತ್ತ ಕೂರುವುದು ಮಾತ್ರ ಬೇಡ. ೨೦೧೧ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಕಾರ್ಖಾನೆಗಳು ಮುಳುಗಿದಾಗ ಲೋಕದಾದ್ಯಂತ ಡಿಸ್ಕಿನ ಬೆಲೆ ಕೆಲವೇ ವಾರಗಳಲ್ಲಿ ಗಗನಕ್ಕೇರಿತ್ತು. ಮೊದಲ ನಕಲು ಮುಗಿದ ದಿನ ಒಂದು ಚೀಟಿಯಲ್ಲಿ ದಿನಾಂಕ ಬರೆದು ಡಿಸ್ಕಿಗೆ ಅಂಟಿಸಿರಿ. ಮೂರು ತಿಂಗಳಿಗೊಮ್ಮೆ ನಕಲಿನಿಂದಲೇ ಯಾವುದಾದರೂ ನಾಲ್ಕು ಫೋಟೋ ತೆರೆದು ನೋಡಿ, ಅದೇ ಚೀಟಿಯ ಮೇಲೆ ಮತ್ತೊಂದು ದಿನಾಂಕ ಹಾಕಿರಿ.